ಗಾಡಿ ಪ್ರಶ್ನೆ: ಥಾರೋ, ಡಸ್ಟರೋ?

ಪ್ರಶ್ನೆ: ಅಣ್ಣ, ನಾನು ನಾಪೋಕ್ಲು ಕಡೆಯ ಶಾಲೆಯೊಂದರಲ್ಲಿ ಟೀಚರ್. ನಮ್ಮ ಮನೆ ಭಾಗಮಂಡಲ ರಸ್ತೆಯಿಂದ ಒಳಗೆ, ತೋಟದ ಮಧ್ಯೆ ಇದೆ. ಟಾರ್ ರಸ್ತೆ ಬಿಟ್ಟ ಮೇಲೆ ಒಂದೂಕಾಲು ಕಿಲೋಮೀಟರ್ ಮಣ್ಣಿನ ದಾರಿ, ಮನೆ ಹತ್ತಿರ ಬರುವಾಗ ಒಂದು ಕಡಿದಾದ ತಿರುವು. ಈಗಿರುವ ಆಲ್ಟೋವನ್ನು ಮಳೆ ಹಿಡಿದ ಮೇಲೆ ರಸ್ತೆ ಬದಿಯ ಪರಿಚಯದವರ ಅಂಗಳದಲ್ಲಿ ಬಿಟ್ಟು, ಕೊಡೆ ಹಿಡಿದು ನಡೆಯುತ್ತೇವೆ. ಅಮ್ಮನಿಗೆ ಎಪ್ಪತ್ತು ದಾಟಿದೆ, ಮಂಡಿ ನೋವು. ಮಡಿಕೇರಿಗೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕಾಗುತ್ತದೆ. ಹಾಗಾಗಿ ಫೋರ್ ವೀಲ್ ಗಾಡಿ ತೆಗೆದುಕೊಳ್ಳೋಣ ಎಂದು ಹೊರಟೆವು. ಎರಡು ನೋಡಿದ್ದೇವೆ. ಒಂದು 2016ರ ಮಹೀಂದ್ರಾ ಥಾರ್ ಸಿಆರ್‌ಡಿಇ, 72,000 ಕಿ.ಮೀ., ಮೂರನೇ ಮಾಲೀಕರು, ಎತ್ತರ ಮಾಡಿಸಿ 31 ಇಂಚಿನ ಟೈರ್, ಕಬ್ಬಿಣದ ಬಂಪರ್, ಸಿಕ್ಕಿಕೊಂಡ ಗಾಡಿ ಎಳೆಯುವ ವಿಂಚ್ ಹಾಕಿಸಿದ್ದಾರೆ, 6.25 ಲಕ್ಷ ಹೇಳುತ್ತಾರೆ. ಇನ್ನೊಂದು ಮೈಸೂರಿನಲ್ಲಿರುವ 2015ರ ರೆನೋ ಡಸ್ಟರ್ ಆಲ್ ವೀಲ್ ಡ್ರೈವ್, 1,08,000 ಕಿ.ಮೀ., ಒಬ್ಬರೇ ಮಾಲೀಕರು, 4.5 ಲಕ್ಷ. ಕೊಡಗಿಗೆ ಥಾರ್ ಬಿಟ್ಟು ಬೇರೆ ತಂದರೆ ನಗುತ್ತಾರೆ ಎನ್ನುತ್ತಾನೆ ತಮ್ಮ. ಕಂಪನಿಯೇ ನಿಲ್ಲಿಸಿದ ಗಾಡಿ ಬೇಡ ಅನ್ನುವವರೂ ಇದ್ದಾರೆ. ಯಾವುದನ್ನು ನಂಬಬಹುದು?
— ಓದುಗರೊಬ್ಬರು, ನಾಪೋಕ್ಲು

ಉತ್ತರ: ಟೀಚರೇ, ತಮ್ಮನಿಗೆ ಬೇಸರವಾದರೂ ಪರವಾಗಿಲ್ಲ, ಈ ಎರಡರಲ್ಲಿ ನನ್ನ ಮತ ಡಸ್ಟರ್‌ಗೆ. ಅದೂ ಒಂದು ಬಿಲ್ಲು ನೋಡಿದ ಮೇಲೆ. ಯಾವ ಬಿಲ್ಲು ಎಂದು ಮುಂದೆ ಹೇಳುತ್ತೇನೆ.

ಹತ್ತು ವರ್ಷ ಓಡಿದ ಗಾಡಿ ನನ್ನ ಗ್ಯಾರೇಜಿಗೆ ಬಂದರೆ ನಾನು ಕಂಪನಿ ಹೆಸರನ್ನು ಕೊನೆಗೆ ನೋಡುವವನು. ಹಿಂದಿನವರು ಅದನ್ನು ಹೇಗೆ ಓಡಿಸಿದ್ದಾರೆ, ಕೆಟ್ಟರೆ ಸಾಮಾನು ಎಲ್ಲಿಂದ ಬರಬೇಕು, ರಿಪೇರಿ ಮಾಡುವ ಕೈ ಹತ್ತಿರದಲ್ಲಿ ಇದೆಯೇ ಎನ್ನುವುದು ಮೊದಲು. ಕಂಪನಿಯಿಂದ ಬಂದ ಹಾಗೇ ಇರುವ ಥಾರ್ ಮತ್ತು ಅದೇ ಡಸ್ಟರ್ ಅಕ್ಕಪಕ್ಕ ನಿಂತಿದ್ದರೆ ನಾನೂ ಸ್ವಲ್ಪ ಹೊತ್ತು ತಲೆ ಕೆರೆದುಕೊಳ್ಳುತ್ತಿದ್ದೆ. ನೀವು ನೋಡಿರುವ ಥಾರ್ ಹಾಗಿಲ್ಲ.

ಆ ಥಾರ್‌ಗೆ ಕಂಪನಿ ಕೊಟ್ಟ ಟೈರ್ 235/70 ಆರ್16. ಅಂದರೆ ಎತ್ತರ ಹತ್ತಿರ ಹತ್ತಿರ 29 ಇಂಚು. 31 ಹಾಕಿದರೆ ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ಗಾಡಿ ಶೇಕಡಾ ಏಳರಷ್ಟು ಹೆಚ್ಚು ದೂರ ಹೋಗಿರುತ್ತದೆ, ಮೀಟರಿಗೆ ಅದು ಗೊತ್ತಾಗುವುದಿಲ್ಲ. ಮೊದಲಿನಿಂದಲೂ ಅದೇ ಟೈರಿನಲ್ಲಿ ಓಡಿದ್ದರೆ ಮೀಟರಿನ 72,000 ನಿಜದಲ್ಲಿ 77,000. ಇದು ದೊಡ್ಡ ವಿಷಯವಲ್ಲ ಬಿಡಿ. ದೊಡ್ಡ ವಿಷಯ ಏನೆಂದರೆ ಆ ಭಾರದ ಟೈರು ವೀಲ್ ಬೇರಿಂಗ್, ಬಾಲ್ ಜಾಯಿಂಟ್, ಸ್ಟೀರಿಂಗ್ ಭಾಗ ಎಲ್ಲವನ್ನೂ ತಿನ್ನುತ್ತದೆ. ಬ್ರೇಕಿಗೂ ಹೆಚ್ಚು ಕೆಲಸ. ಆ ಗಾಡಿಯ ಮುಂದಿನ ಚಕ್ರಗಳಿಗೆ ಕಂಪನಿ ಕೊಟ್ಟಿದ್ದು ಟಾರ್ಷನ್ ಬಾರ್, ಅಂದರೆ ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಕಬ್ಬಿಣದ ಸರಳು. ಎತ್ತರ ಮಾಡಲು ಅನೇಕರು ಅದನ್ನೇ ತಿರುಗಿಸಿ ಬಿಗಿ ಮಾಡುತ್ತಾರೆ. ಆಮೇಲೆ ಆಕ್ಸಲ್ ಜಾಯಿಂಟುಗಳು ಓರೆ ಕೋನದಲ್ಲೇ ತಿರುಗಿ ತಿರುಗಿ ಅವುಗಳ ಗ್ರೀಸ್ ಮುಚ್ಚಿರುವ ರಬ್ಬರ್ ಬೂಟು ಹರಿಯುತ್ತದೆ. ಬೂಟು ಹರಿದ ಕಡೆ ನಮ್ಮ ಕೆಂಪು ಮಣ್ಣು ನುಗ್ಗಿದರೆ ಗ್ರೀಸೇ ಅರೆಯುವ ಪುಡಿಯಾಗುತ್ತದೆ. ಬೇಕಾದರೆ ತಮ್ಮನನ್ನು ಗಾಡಿಯ ಅಡಿಗೆ ಕಳಿಸಿ ನೋಡಲು ಹೇಳಿ, ಮಳೆಗಾಲವಾದರೆ ಜಿಗಣೆಗೆ ಉಪ್ಪು ಕೊಟ್ಟು ಕಳಿಸಿ.

ವಿಂಚು ಇದೆ ಅಂದರೆ ಗಾಡಿ ಸಿಕ್ಕಿಹಾಕಿಕೊಳ್ಳುವ ಜಾಗಕ್ಕೆ ಹೋಗಿದೆ ಎಂದು ಅರ್ಥ. ಅದು ತಪ್ಪಲ್ಲ, ಆ ಗಾಡಿ ಇರುವುದೇ ಅದಕ್ಕೆ. ಆದರೆ ಆ ಖುಷಿಯ ಬಾಕಿ ಬಿಲ್ಲು ಕಟ್ಟುವವರು ನಾಲ್ಕನೇ ಮಾಲೀಕರು, ಅಂದರೆ ನೀವು. ಇನ್ನು ಕಾನೂನು. ಕಂಪನಿ ಕೊಟ್ಟ ಸ್ವರೂಪವನ್ನು ಬದಲಿಸಿದ ಗಾಡಿ ನಡೆಯುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲೇ ಹೇಳಿದೆ. ಹೊರಗಿನಿಂದ ಹಾಕಿಸುವ ಕಬ್ಬಿಣದ ಬುಲ್ ಬಾರ್ ಬೇಡ ಎಂದು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲಿ ಎಲ್ಲ ರಾಜ್ಯಗಳಿಗೂ ಬರೆದಿದೆ. ಅಪಘಾತವಾಗಿ ಇನ್ಶೂರೆನ್ಸ್ ಸರ್ವೇಯರ್ ಬಂದಾಗ ಈ ಮಾತು ಏಳುತ್ತದೆ.

ಈಗ ಅಮ್ಮನ ವಿಷಯ. ಈ ಥಾರ್‌ಗೆ ಎರಡೇ ಬಾಗಿಲು, ಹಿಂದೆ ಎದುರುಬದುರು ಬೆಂಚು. ಮುಂದಿನ ಸೀಟಿಗೇ ಆದರೂ ಎತ್ತರ ಮಾಡಿಸಿದ ಗಾಡಿಗೆ ಮಂಡಿ ನೋವಿನವರು ಹತ್ತಬೇಕೆಂದರೆ ಸ್ಟೂಲ್ ಬೇಕು. ಕಕ್ಕಡದ (ಜುಲೈ-ಆಗಸ್ಟ್) ಮಳೆಯಲ್ಲಿ ನಿಂತು ಸ್ಟೂಲ್ ಹಿಡಿಯುವವರು ಯಾರು? ಕ್ಯಾನ್ವಾಸ್ ಟಾಪು ಎಷ್ಟೇ ಹೊಸದಿದ್ದರೂ ಬಾಗಿಲ ಸಂದಿಯಿಂದ ನೀರು ತೊಟ್ಟಿಕ್ಕುತ್ತದೆ. 2016ರ ಥಾರ್‌ನಲ್ಲಿ ಏರ್‌ಬ್ಯಾಗೂ ಇಲ್ಲ, ಬ್ರೇಕ್ ಹಾಕಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್ಸೂ ಇಲ್ಲ. ಡಸ್ಟರ್‌ನ ಮೇಲಿನ ವೇರಿಯಂಟಾದರೆ ಇವೆಲ್ಲ ಬರುತ್ತವೆ. ಯಾವ ವೇರಿಯಂಟ್ ಎಂದು ನೀವು ಬರೆದಿಲ್ಲ, ಕೇಳಿ ನೋಡಿ.

ಡಸ್ಟರ್‌ನಲ್ಲಿ ಏನಿಲ್ಲ ಎಂಬುದನ್ನೂ ಹೇಳಿಬಿಡಬೇಕು. ಲೋ ಗೇರ್ ಇಲ್ಲ. ಥಾರ್‌ನಲ್ಲಿ ಪಕ್ಕದ ಲಿವರನ್ನು ಫೋರ್ ಲೋಗೆ ಎಳೆದರೆ ಚಕ್ರಕ್ಕೆ ಸಿಗುವ ಎಳೆತ ಎರಡು ಪಟ್ಟಿಗಿಂತ ಹೆಚ್ಚಾಗುತ್ತದೆ. ಕ್ಲಚ್ ಪೂರ್ತಿ ಬಿಟ್ಟು, ಆಕ್ಸಿಲರೇಟರ್ ಮೇಲೆ ಕಾಲು ಹಗುರ ಇಟ್ಟರೂ ತೆವಳಿಕೊಂಡು ಹತ್ತುತ್ತದೆ. ಡಸ್ಟರ್‌ನ ಆಲ್ ವೀಲ್ ಮಾಡೆಲಿಗೆ ಆರು ಗೇರು, ಮೊದಲನೆಯದನ್ನು ಬೇಕೆಂದೇ ಗಿಡ್ಡ ಮಾಡಿದ್ದಾರೆ. ನಮ್ಮ ಸಾಧಾರಣ ತೋಟದ ದಾರಿಗೆ ಅಷ್ಟು ಸಾಕು. ಆದರೆ ಕಡಿದಾದ ತಿರುವಿನ ನಡುವೆ ನಿಂತುಬಿಟ್ಟು ಮತ್ತೆ ಎಬ್ಬಿಸುವಾಗ ಅರ್ಧ ಕ್ಲಚ್ಚಿನಲ್ಲಿ ಆಡಿಸುತ್ತಾ ಕೂತರೆ ಸುಟ್ಟ ವಾಸನೆ ಬರುತ್ತದೆ. ಆ ಗಾಡಿಯ ಕ್ಲಚ್ ಕೆಲಸ ಅಗ್ಗದ್ದಲ್ಲ.

ಆದ್ದರಿಂದ ದುಡ್ಡು ಕೊಡುವ ಮೊದಲು ಒಂದು ಕೆಲಸ ಮಾಡಿ. ಮಾಲೀಕರಿಗೆ ಡೀಸೆಲ್ ಹಣ ಕೊಟ್ಟು, ಗಾಡಿಯನ್ನು ಒಂದು ಭಾನುವಾರ ನಿಮ್ಮ ಮನೆಗೇ ತರಿಸಿ. ಒಳ್ಳೆಯ ಮಳೆ ಬಿದ್ದ ಮಾರನೇ ದಿನವಾದರೆ ಉತ್ತಮ. ಡ್ಯಾಶ್‌ಬೋರ್ಡಿನಲ್ಲಿ ಒಂದು ಗುಂಡು ನಾಬ್ ಇದೆ: ಟು ವೀಲ್, ಆಟೋ, ಲಾಕ್. ಆ ತಿರುವಿನ ಕೆಳಗೆ ನಿಲ್ಲಿಸಿ, ಮೊದಲು ಟು ವೀಲ್‌ನಲ್ಲಿ ಹತ್ತಿಸಲು ನೋಡಿ. ಮುಂದಿನ ಚಕ್ರ ಸುಮ್ಮನೆ ಸುತ್ತಿ ಕೆಸರು ಎರಚಬೇಕು. ಹಾಗೇ ಬ್ರೇಕ್ ಹಿಡಿದು ಲಾಕ್‌ಗೆ ತಿರುಗಿಸಿ ಮತ್ತೆ ಎಬ್ಬಿಸಿ. ಹಿಂದಿನಿಂದ ಯಾರೋ ಭುಜ ಕೊಟ್ಟು ತಳ್ಳಿದ ಹಾಗೆ ಗಾಡಿ ಎದ್ದರೆ ಹಿಂದಿನ ಆಕ್ಸಲಿನ ಹತ್ತಿರ ಇರುವ, ಹಿಂದಿನ ಚಕ್ರಗಳಿಗೆ ಎಳೆತ ಕೊಡುವ ಕಪ್ಲಿಂಗ್ ಕೆಲಸ ಮಾಡುತ್ತಿದೆ. ಮುಂದಿನ ಚಕ್ರವೇ ಸುತ್ತುತ್ತಿದ್ದರೆ, ಇಲ್ಲವೇ ಮೀಟರಿನಲ್ಲಿ ಫೋರ್ ವೀಲ್ ದೀಪ ಮಿಣಮಿಣ ಅಂದರೆ, ಟೀ ಕೊಟ್ಟು ಗಾಡಿಯನ್ನು ಮೈಸೂರಿಗೆ ವಾಪಸ್ ಕಳಿಸಿ. ಆ ಭಾಗದ ರಿಪೇರಿ ನಮ್ಮ ಸಣ್ಣ ಗ್ಯಾರೇಜುಗಳ ಕೆಲಸ ಅಲ್ಲ. ಸಾಮಾನಿಗೆ ಕಾಯಬೇಕು, ಕಾಯುವುದು ಮಳೆಗಾಲದಲ್ಲೇ ಆಗುತ್ತದೆ.

ಟೈರು ನಾಲ್ಕೂ ಒಂದೇ ಕಂಪನಿ, ಒಂದೇ ಅಳತೆ, ಹೆಚ್ಚುಕಡಿಮೆ ಒಂದೇ ಸವೆತ ಇದೆಯೇ ನೋಡಿ. ಎರಡು ಹೊಸತು, ಎರಡು ಬೋಳು ಹಾಕಿ ಓಡಿಸಿದ್ದರೆ ಮುಂದೆ ಹಿಂದೆ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗುತ್ತವೆ. ಅದನ್ನು ಜಾರಿಕೆ ಎಂದುಕೊಂಡು ಕಪ್ಲಿಂಗ್ ಸುಮ್ಮಸುಮ್ಮನೆ ಹಿಡಿದು ಬಿಟ್ಟು ಬಿಸಿಯಾಗುತ್ತದೆ. ನೀವು ಕೊಂಡ ಮೇಲೂ ಅಷ್ಟೇ. 215/65 ಆರ್16 ಅಳತೆಯಲ್ಲಿ ಆಲ್ ಟೆರೇನ್ ಟೈರ್ ಹಾಕಿಸುವುದಾದರೆ ನಾಲ್ಕನ್ನೂ ಒಟ್ಟಿಗೆ ಹಾಕಿಸಿ.

ಈಗ ಆ ಬಿಲ್ಲು. ಡಸ್ಟರ್‌ನ 1.5 ಲೀಟರ್ ಡೀಸೆಲ್ ಎಂಜಿನ್ ಒಳ್ಳೆಯದು. ಇದೇ ಎಂಜಿನ್ ನಿಸಾನ್ ಟೆರಾನೋದಲ್ಲಿ, ಸನ್ನಿಯಲ್ಲಿ, ಮಹೀಂದ್ರಾ ವೆರಿಟೋದಲ್ಲೂ ಇತ್ತು. ಹಾಗಾಗಿ ಈ ಮಾದರಿಯ ಡಸ್ಟರ್ 2022ರಲ್ಲಿ ನಿಂತಿತು ಎಂದು ಎಂಜಿನ್ ಸಾಮಾನಿಗೆ ಹೆದರಬೇಡಿ. ಆದರೆ ಅದರೊಳಗೆ ಇರುವುದು ವಾಲ್ವುಗಳನ್ನು ಸಮಯಕ್ಕೆ ಸರಿಯಾಗಿ ಆಡಿಸುವ ಟೈಮಿಂಗ್ ಬೆಲ್ಟ್, ಚೈನ್ ಅಲ್ಲ. ಬೆಲ್ಟ್ ಹರಿದರೆ ಪಿಸ್ಟನ್ ಮೇಲೆ ಬಂದು ವಾಲ್ವಿಗೆ ಹೊಡೆಯುತ್ತದೆ, ಎಂಜಿನ್ ಬಿಚ್ಚಬೇಕು. ಮುನ್ಸೂಚನೆ ಏನೂ ಇರುವುದಿಲ್ಲ, ಓಡುತ್ತಿದ್ದ ಹಾಗೇ ನಿಲ್ಲುತ್ತದೆ. 1,08,000 ಓಡಿದ, ಹತ್ತು ವರ್ಷದ ಗಾಡಿಗೆ ಇಷ್ಟರಲ್ಲಿ ಅದನ್ನು ಬದಲಿಸಿರಲೇಬೇಕು. “ಮಾಡಿಸಿದ್ದೇವೆ” ಎಂಬ ಬಾಯಿ ಮಾತು ಬೇಡ. ಬೆಲ್ಟ್, ಟೆನ್ಷನರ್, ವಾಟರ್ ಪಂಪ್ ಮೂರೂ ಇರುವ ಬಿಲ್ಲು, ತಾರೀಖು, ಆಗಿನ ಕಿಲೋಮೀಟರ್ ನೋಡಿ. ಬಿಲ್ಲು ಇಲ್ಲದಿದ್ದರೆ ಆ ಕೆಲಸ ಆಗಿಲ್ಲ ಎಂದೇ ಲೆಕ್ಕ ಹಿಡಿದು ಬೆಲೆಯಲ್ಲಿ ಇಳಿಸಿ, ಗಾಡಿ ಕೈಗೆ ಬಂದ ವಾರದಲ್ಲೇ ಮಾಡಿಸಿ.

ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿ. ಎಲ್ಲರೂ ಸೀಟು, ಕಾರ್ಪೆಟ್ ತೊಳೆಸುತ್ತಾರೆ. ಬೆಲ್ಟಿನ ಒಳಸುರುಳಿಯನ್ನು ಯಾರೂ ತೊಳೆಯುವುದಿಲ್ಲ. ಅಲ್ಲಿ ಅಡ್ಡಕ್ಕೆ ಮಣ್ಣಿನ ಗೆರೆ ಇದ್ದರೆ ಗಾಡಿ ನೀರಲ್ಲಿ ನಿಂತಿತ್ತು ಎಂದೇ. 2018, 2019ರಲ್ಲಿ ಕುಶಾಲನಗರದ ಬಡಾವಣೆಗಳಿಗೇ ನೀರು ನುಗ್ಗಿತ್ತು, ಕೇರಳದ ಕಥೆ ಕೇಳುವುದೇ ಬೇಡ. ಅಂಥ ಗಾಡಿಗಳು ಇನ್ನೂ ಕೈಯಿಂದ ಕೈಗೆ ಓಡಾಡುತ್ತಿವೆ.

ಡಸ್ಟರ್ ಈ ಪರೀಕ್ಷೆಯಲ್ಲಿ ಬಿದ್ದರೆ? ಆಗ ಏನೂ ಮಾಡಿಸದ ಥಾರ್ ಹುಡುಕಿ. 2015ರ ನಂತರದ್ದಾದರೆ ಹಿಂದಿನ ಡಿಫರೆನ್ಷಿಯಲ್ (ಚಕ್ರಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರು) ತಾನೇ ಲಾಕ್ ಆಗುವಂಥದ್ದು ಸಿಗುತ್ತದೆ, ಕೆಸರಿಗೆ ಅದು ದೊಡ್ಡ ಅನುಕೂಲ. ಹಿಂದಿನ ಕಮಾನು ಪ್ಲೇಟು ಚಾಸಿಸ್ಸಿಗೆ ಕೂರುವ ಜಾಗವನ್ನು ಸ್ಕ್ರೂ ಡ್ರೈವರಿನ ಹಿಡಿಯಿಂದ ಬಡಿದು ನೋಡಿ: ಟಣ್ ಎನ್ನಬೇಕು, ಬೊದ್ದು ಸದ್ದು ಬಂದರೆ ಒಳಗೆ ತುಕ್ಕು ತಿಂದಿದೆ. ಸಾಮಾನು ಗೋಣಿಕೊಪ್ಪ, ವಿರಾಜಪೇಟೆಯಲ್ಲೇ ಸಿಗುತ್ತದೆ, ಬಿಚ್ಚಿ ಕಟ್ಟಬಲ್ಲ ಮೇಸ್ತ್ರಿಗಳು ಪ್ರತಿ ಊರಲ್ಲೂ ಇದ್ದಾರೆ. ತಮ್ಮ ಹೇಳುವುದರಲ್ಲಿ ಅಷ್ಟು ಸತ್ಯ ಇದೆ.

ನೀವು ಕೇಳದ ಇನ್ನೊಂದು ಮಾತು. ಆ ಕಡಿದಾದ ತಿರುವಿಗೆ ಮಾತ್ರ, ಚಕ್ರ ಹೋಗುವ ಎರಡು ಪಟ್ಟಿಗೆ ಕಾಂಕ್ರೀಟ್ ಹಾಕಿಸಿ, ಮೇಲ್ಭಾಗದಲ್ಲಿ ಅಡ್ಡಕ್ಕೆ ಒಂದು ಕಣಿ ಕಡಿಸಿ ನೀರನ್ನು ಪಕ್ಕಕ್ಕೆ ತಿರುಗಿಸಿ. ಮೇಲ್ಮೈ ನುಣುಪು ಮಾಡಬೇಡಿ, ಹಸಿ ಇರುವಾಗಲೇ ಪೊರಕೆ ಎಳೆದು ಗೀರು ಬಿಡಿಸಿ. ಎರಡು ಗಾಡಿಗಳ ಬೆಲೆಯಲ್ಲಿರುವ ವ್ಯತ್ಯಾಸದ ಒಂದು ಭಾಗದಲ್ಲೇ ಈ ಕೆಲಸ ಮುಗಿಯುತ್ತದೆ. ಮಳೆಗೆ ಮುಂಚೆ, ಏಪ್ರಿಲ್‌ನಲ್ಲೇ ಮಾಡಿಸಿ. ಅದಾದ ಮೇಲೆ ಡಸ್ಟರ್‌ಗೆ ಲೋ ಗೇರ್ ಇಲ್ಲ ಎಂಬ ಕೊರಗು ಇರುವುದಿಲ್ಲ. ಕೊಯ್ಲಿನ ಸಮಯಕ್ಕೆ ಕಾಫಿ ಮೂಟೆಗೆ ಮಾತ್ರ ಪಿಕಪ್ ಬಾಡಿಗೆಗೆ ಕರೆಯಿರಿ, ಡಸ್ಟರ್ ಸೀಟಿನ ಮೇಲೆ ಮೂಟೆ ಹೇರಬೇಡಿ.

ಪ್ರಶ್ನೆ: ಸೇನೆಯ ಹರಾಜಿನಿಂದ ಬಂದ ಜಿಪ್ಸಿ ತಗೊಂಡೆ. ಫೋರ್ ವೀಲ್ ಹಾಕಿ ಟಾರ್ ರಸ್ತೆಯಲ್ಲಿ ತಿರುಗಿಸಿದರೆ ಯಾರೋ ಬ್ರೇಕ್ ಹಿಡಿದ ಹಾಗೆ ಎಳೆಯುತ್ತದೆ. ಲಿವರ್ ಕೂಡ ವಾಪಸ್ ಬರುವುದಿಲ್ಲ. ಗೇರ್ ಬಾಕ್ಸ್ ಹೋಗಿದೆಯಾ?
— ಶುಂಠಿ ಬೆಳೆಗಾರರು, ಸೋಮವಾರಪೇಟೆ

ಉತ್ತರ: ಗೇರ್ ಬಾಕ್ಸ್ ಸರಿಯಾಗಿಯೇ ಇದೆ, ಆದರೆ ಹೀಗೇ ಓಡಿಸಿದರೆ ಹೋಗುತ್ತದೆ. ಜಿಪ್ಸಿಯಲ್ಲಿ ಮುಂದಿನ ಹಿಂದಿನ ಆಕ್ಸಲ್‌ಗಳ ನಡುವೆ ಡಿಫರೆನ್ಷಿಯಲ್ ಇಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಹೋಗಬೇಕು, ಫೋರ್ ವೀಲ್ ಹಾಕಿದಾಗ ಎರಡೂ ಒಂದೇ ವೇಗದಲ್ಲಿ ಕಟ್ಟಿಬಿದ್ದಿರುತ್ತವೆ. ಕೆಸರಿನಲ್ಲಿ ಚಕ್ರ ಅಷ್ಟಿಷ್ಟು ಜಾರಿ ಸರಿಹೋಗುತ್ತದೆ. ಒಣ ಟಾರಿನಲ್ಲಿ ಜಾರಲು ಜಾಗವಿಲ್ಲ, ಒತ್ತಡವೆಲ್ಲ ಮುಂದಿನ ಹಿಂದಿನ ಆಕ್ಸಲ್ಲಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸಿನ ಮೇಲೆ ಬೀಳುತ್ತದೆ. ಲಿವರ್ ಹಿಡಿದುಕೊಂಡರೆ ಗುದ್ದಬೇಡಿ. ಸ್ಟೀರಿಂಗ್ ನೇರ ಇಟ್ಟು ಸ್ವಲ್ಪ ರಿವರ್ಸ್ ತೆಗೆದುಕೊಳ್ಳಿ, ಒತ್ತಡ ಬಿಟ್ಟು ಲಿವರ್ ತಾನೇ ಬರುತ್ತದೆ. ಟಾರ್ ಸಿಕ್ಕಿದ ಕೂಡಲೇ ಟು ವೀಲ್.

ಪ್ರಶ್ನೆ: ದೆಹಲಿಯ ಡೀಸೆಲ್ ಫೋರ್ ಬೈ ಫೋರ್ ಗಾಡಿಗಳು ಇಲ್ಲಿಗಿಂತ ಬಹಳ ಅಗ್ಗ. ತರಿಸಬಹುದೇ?
— ಹೋಂಸ್ಟೇ ನಡೆಸುವವರು, ಮಡಿಕೇರಿ

ಉತ್ತರ: ಅಗ್ಗವಾಗಲು ಕಾರಣ ಇದೆ. ದೆಹಲಿ ಸುತ್ತಮುತ್ತ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ಓಡಿಸಬಾರದು ಎಂದು ಹಸಿರು ನ್ಯಾಯಮಂಡಳಿ 2015ರಲ್ಲಿ ಆದೇಶಿಸಿತು, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಹೀಗಾಗಿ ಹತ್ತು ವರ್ಷ ಹತ್ತಿರವಾದ ಗಾಡಿಗಳನ್ನು ಅಲ್ಲಿಯವರು ಸಿಕ್ಕ ಬೆಲೆಗೆ ಮಾರತೊಡಗಿದರು. 2025ರಲ್ಲಿ ಸುಪ್ರೀಂ ಕೋರ್ಟ್ ಆ ನಿಯಮವನ್ನು ಸಡಿಲಿಸಿದೆ. ಗಾಡಿ ಚೆನ್ನಾಗಿಯೇ ಇರಬಹುದು. ಆದರೆ ಅಲ್ಲಿಂದ ಎನ್‌ಒಸಿ ಬರಬೇಕು, ಸಾಲ ಇದ್ದರೆ ಬ್ಯಾಂಕಿನ ಪತ್ರ ಬರಬೇಕು, ಇಲ್ಲಿ ಆಜೀವ ತೆರಿಗೆ ಕಟ್ಟಿ ಕೆಎ-12 ನಂಬರ್ ಮಾಡಿಸಬೇಕು. ಗಾಡಿಗೆ ಮುಂಗಡ ಕೊಡುವ ಮೊದಲೇ ಆರ್‌ಸಿ ನಕಲು ಹಿಡಿದು ಮಡಿಕೇರಿ ಆರ್‌ಟಿಒ ಕಚೇರಿಗೆ ಹೋಗಿ, ಆ ಮಾಡೆಲಿಗೆ, ಆ ವರ್ಷಕ್ಕೆ ತೆರಿಗೆ ಎಷ್ಟಾಗುತ್ತದೆ ಎಂದು ಬರೆಸಿಕೊಂಡು ಬನ್ನಿ. ಲಾರಿಯಲ್ಲಿ ತರಿಸುವ ಬಾಡಿಗೆಯನ್ನೂ ಅದಕ್ಕೆ ಸೇರಿಸಿ. ಅಷ್ಟಾದ ಮೇಲೂ ಲಾಭ ಉಳಿದರೆ ನನಗೊಂದು ಫೋಟೋ ಕಳಿಸಿ, ಚಾಸಿಸ್ಸಿನ ಅಡಿಭಾಗದ್ದು, ಮುಂದಿನ ಗ್ರಿಲ್ಲಿನದ್ದಲ್ಲ.