ಬಾಣದ ಗುರುತುಗಳಿಲ್ಲದ ನಕ್ಷೆಯಿಂದ ಶುರು ಮಾಡಿ

ಅಮೆರಿಕದ ಕ್ರಾಂತಿಯುದ್ಧದ ಬಗ್ಗೆ ಓದುವಾಗ ಎಡಪಾರ್ಶ್ವ, ಬಲಪಾರ್ಶ್ವ, ಸೇನಾಪತಿಗಳ ಹೆಸರು ಎಲ್ಲವೂ ಕಲಸಿಹೋಗುತ್ತಿವೆ ಎಂದಿದ್ದೀರಿ. ನಕ್ಷೆ ಇಟ್ಟುಕೊಂಡು ಓದಿದರೆ ಅನುಕೂಲವಾಗುತ್ತದೆಯೇ, ಆಗುವುದಾದರೆ ಹೇಗೆ ಎಂಬುದು ನಿಮ್ಮ ಪ್ರಶ್ನೆ. ಖಂಡಿತ ಅನುಕೂಲವಾಗುತ್ತದೆ. ಆದರೆ ಪುಸ್ತಕದಲ್ಲಿ ಅಚ್ಚಾಗಿರುವ, ಕೆಂಪು ನೀಲಿ ಬಾಣಗಳು ತುಂಬಿದ ನಕ್ಷೆಯನ್ನು ಮೊದಲು ನೋಡಬೇಡಿ. ಆ ಬಾಣಗಳನ್ನು ಎಳೆದವರಿಗೆ ಗೆದ್ದವರು ಯಾರೆಂದು ಗೊತ್ತಿತ್ತು. ಅಂದು ಕತ್ತಲಲ್ಲಿ ನಿಂತಿದ್ದ ಸೈನಿಕನಿಗೆ ಅದು ಗೊತ್ತಿರಲಿಲ್ಲ. ನೀರು, ದಿಣ್ಣೆ, ದಾರಿ, ಈ ಮೂರು ಮಾತ್ರ ಇರುವ ನಕ್ಷೆಯನ್ನು ಮುಂದಿಟ್ಟುಕೊಂಡು "ಇಲ್ಲಿ ನಾನಿದ್ದರೆ ಯಾವ ಜಾಗವನ್ನು ಕಾಯುತ್ತಿದ್ದೆ?" ಎಂದು ಕೇಳಿಕೊಳ್ಳಿ. ಅನಂತರ ಪುಸ್ತಕ ತೆರೆಯಿರಿ. ನಾನು ಮೊದಲ ಕೆಲವು ವರ್ಷ ಇದನ್ನು ತಿರುಗುಮುರುಗಾಗಿ ಮಾಡಿದ್ದರಿಂದ ಹೆಸರುಗಳಷ್ಟೇ ಬಾಯಿಪಾಠವಾದವು, ಯುದ್ಧ ಅರ್ಥವಾಗಲಿಲ್ಲ.

ನನಗೆ ಕಣ್ಣು ತೆರೆಸಿದ್ದು 1776ರ ಆಗಸ್ಟ್ 27ರ ಲಾಂಗ್ ಐಲೆಂಡ್ ಕದನ. ನ್ಯೂಯಾರ್ಕ್‌ನ ಇಂದಿನ ಬ್ರೂಕ್ಲಿನ್ ನಗರಭಾಗವನ್ನು ಮೊಬೈಲ್‌ನಲ್ಲಿ ತೆರೆದು, ಎತ್ತರ ತಗ್ಗು ತೋರಿಸುವ ಪದರವನ್ನು ಹಾಕಿ ನೋಡಿ. ಕಟ್ಟಡಗಳ ಕಾಡಿನ ನಡುವೆ ನೈರುತ್ಯದಿಂದ ಈಶಾನ್ಯಕ್ಕೆ ಒಂದು ಉದ್ದನೆಯ ದಿಣ್ಣೆ ಹಾದುಹೋಗಿದೆ. ಹಿಮಯುಗದಲ್ಲಿ ಹಿಮನದಿ ಹೊತ್ತು ತಂದು ಸುರಿದ ಕಲ್ಲುಮಣ್ಣಿನ ಸಾಲು ಅದು. ಗ್ರೀನ್‌ವುಡ್ ಸ್ಮಶಾನ, ಪ್ರಾಸ್ಪೆಕ್ಟ್ ಪಾರ್ಕ್ ಎರಡೂ ಅದರ ಮೇಲೆಯೇ ಇವೆ. ಅಂದು ಈ ದಿಣ್ಣೆಯ ಮೇಲೆ ದಟ್ಟವಾದ ಕಾಡಿತ್ತು. ಫಿರಂಗಿ ಬಂಡಿಗಳನ್ನು ದಾಟಿಸಲು ಮುಖ್ಯವಾಗಿ ನಾಲ್ಕು ಕಡೆ ಮಾತ್ರ ದಾರಿ: ಗೋವಾನಸ್, ಫ್ಲಾಟ್‌ಬುಷ್, ಬೆಡ್‌ಫರ್ಡ್, ಮತ್ತು ಪೂರ್ವಕ್ಕೆ ದೂರದಲ್ಲಿ ಜಮೈಕಾ ಕಣಿವೆ.

ನಾನು ಟ್ರೇಸಿಂಗ್ ಹಾಳೆಯ ಮೇಲೆ ದಿಣ್ಣೆಯ ಗೆರೆ ಎಳೆದು ಈ ನಾಲ್ಕು ಜಾಗಗಳಲ್ಲಿ ಸಣ್ಣ ಸೊನ್ನೆ ಸುತ್ತಿದೆ. ಅಮೆರಿಕನ್ನರ ತುಕಡಿಗಳು ಎಲ್ಲೆಲ್ಲಿದ್ದವು ಎಂದು ಪುಸ್ತಕ ನೋಡಿ ಪೆನ್ಸಿಲಿನಿಂದ ತುಂಬುತ್ತಾ ಹೋದೆ. ಮೂರು ಸೊನ್ನೆಗಳು ತುಂಬಿದವು. ನಾಲ್ಕನೆಯದು ಖಾಲಿಯಾಗಿಯೇ ಉಳಿಯಿತು. ಜಮೈಕಾ ಕಣಿವೆಯಲ್ಲಿ ಇದ್ದವರು ಕುದುರೆಯ ಮೇಲಿದ್ದ ಐದು ಜನ ಅಧಿಕಾರಿಗಳು ಮಾತ್ರ. ಬ್ರಿಟಿಷ್ ಸೇನಾಪತಿ ವಿಲಿಯಂ ಹೌ ತನ್ನ ಸುಮಾರು 10,000 ಸೈನಿಕರನ್ನು ರಾತ್ರಿಯಿಡೀ ನಡೆಸಿಕೊಂಡು ಬಂದು, ಆ ಐವರನ್ನು ಸೆರೆಹಿಡಿದು, ಅದೇ ಖಾಲಿ ಸೊನ್ನೆಯ ಮೂಲಕ ನುಗ್ಗಿ, ಬೆಳಗ್ಗೆ ಒಂಬತ್ತರ ಹೊತ್ತಿಗೆ ಉಳಿದ ಮೂರೂ ತುಕಡಿಗಳ ಬೆನ್ನ ಹಿಂದೆ ನಿಂತಿದ್ದ. ಮುಂದುಗಡೆ ಬ್ರಿಟಿಷ್ ಸೇನಾನಿ ಗ್ರಾಂಟ್‌ನ ಪಡೆಯೂ ಬ್ರಿಟಿಷರು ಜರ್ಮನಿಯಿಂದ ತಂದ ಹೆಸ್ಸಿಯನ್ ಬಾಡಿಗೆ ಸೈನಿಕರೂ ಅಷ್ಟು ಹೊತ್ತು ಗುಂಡು ಹಾರಿಸುತ್ತಿದ್ದುದು ಅಮೆರಿಕನ್ನರ ಗಮನವನ್ನು ಅಲ್ಲೇ ಹಿಡಿದಿಡಲು. ಎಷ್ಟೋ ಪುಟ ಓದಿದರೂ ತಲೆಗೆ ಹತ್ತದಿದ್ದದ್ದು ಆ ಒಂದು ಖಾಲಿ ಸೊನ್ನೆಯಿಂದ ಹತ್ತಿತು.

ಸೋತವರು ಹಿಂದೆ ಸರಿಯಲು ಗೋವಾನಸ್ ತೊರೆಯ ಜೌಗನ್ನು ದಾಟಬೇಕಿತ್ತು. ಅವರು ದಾಟಲಿ ಎಂದು ಮೇರಿಲ್ಯಾಂಡಿನ ತುಕಡಿಯೊಂದು ಒಂದು ಕಲ್ಲಿನ ಮನೆಯ ಬಳಿ ಮತ್ತೆ ಮತ್ತೆ ಶತ್ರುವಿನ ಮೇಲೆ ಏರಿಹೋಯಿತು. ಆ ಜೌಗು ಇಂದಿನ ನಕ್ಷೆಯಲ್ಲಿಲ್ಲ, ಒಂದು ಕಾಲುವೆ ಮಾತ್ರ ಉಳಿದಿದೆ. ಹಳೆಯ ನಕ್ಷೆ ಬೇಕಾಗುವುದು ಇಂಥ ಕಡೆ. ಜೌಗು ಕಾಣದಿದ್ದರೆ ಆ ಹುಡುಗರು ಯಾಕೆ ಅಲ್ಲೇ ನಿಂತು ಸತ್ತರು ಎಂಬುದು ಅರ್ಥವಾಗುವುದಿಲ್ಲ. ಎರಡು ದಿನ ಕಳೆದ ಮೇಲೆ ಅಮೆರಿಕನ್ನರ ಸೇನಾಪತಿ ವಾಷಿಂಗ್ಟನ್ ಸುಮಾರು 9,000 ಜನರನ್ನು ಒಂದೇ ರಾತ್ರಿಯಲ್ಲಿ ದೋಣಿಗಳಲ್ಲಿ ಮ್ಯಾನ್‌ಹಟನ್‌ಗೆ ದಾಟಿಸಿದ. ಅವನ ಬೆನ್ನಿಗಿದ್ದದ್ದು ನೀರು. ಅದಕ್ಕೂ ಮುಂಚಿನ ದಿನಗಳಲ್ಲಿ ಈಶಾನ್ಯದ ಗಾಳಿ ಬೀಸದೆ ಬ್ರಿಟಿಷ್ ಹಡಗುಗಳು ಆ ನೀರಿಗೆ ನುಗ್ಗಿದ್ದರೆ ಯುದ್ಧ ಅಲ್ಲಿಗೇ ಮುಗಿಯಬಹುದಿತ್ತು. ಆದ್ದರಿಂದ ಹಾಳೆಯ ಮೂಲೆಯಲ್ಲಿ ಗಾಳಿಯ ದಿಕ್ಕನ್ನೂ ಬರೆದಿಡಿ.

ಎರಡನೆಯ ಉಪಕರಣ ದಾರ. ಹೊಲಿಗೆ ದಾರವೇ ಸಾಕು. 1776ರ ಡಿಸೆಂಬರ್ 26ರ ಟ್ರೆಂಟನ್ ಕದನವನ್ನು ತೆಗೆದುಕೊಳ್ಳಿ. ಆ ಊರಿನಲ್ಲಿದ್ದ ಹೆಸ್ಸಿಯನ್ನರ ಮೇಲೆ ವಾಷಿಂಗ್ಟನ್ ಮಾಡಿದ ದಾಳಿ ಅದು. ಮೆಕಾಂಕಿ ಕಡವಿನಲ್ಲಿ ಸುಮಾರು 2,400 ಜನ, 18 ಫಿರಂಗಿಗಳು ಹಿಮಗಡ್ಡೆ ತೇಲುವ ಡೆಲವೇರ್ ನದಿಯನ್ನು ದಾಟಿದವು. ಅಲ್ಲಿಂದ ಟ್ರೆಂಟನ್‌ಗೆ ಸುಮಾರು 14 ಕಿಲೋಮೀಟರ್. ಅರ್ಧ ದಾರಿಯಲ್ಲಿ ಪಡೆ ಎರಡಾಗಿ, ವಾಷಿಂಗ್ಟನ್‌ನ ಸೇನಾನಿಗಳಲ್ಲಿ ಗ್ರೀನ್ ಒಳನಾಡಿನ ಪೆನ್ನಿಂಗ್ಟನ್ ರಸ್ತೆ ಹಿಡಿದ, ಸಲಿವನ್ ನದಿಯ ಬದಿಯ ರಸ್ತೆ ಹಿಡಿದ. ಎರಡೂ ರಸ್ತೆಗಳ ಮೇಲೆ ದಾರ ಹಾಸಿ, ನೇರ ಮಾಡಿ ಪಕ್ಕಪಕ್ಕದಲ್ಲಿಟ್ಟು ನೋಡಿ. ಉದ್ದ ಹೆಚ್ಚುಕಡಿಮೆ ಒಂದೇ. ಹೊರಡುವ ಮುನ್ನ ಅಧಿಕಾರಿಗಳೆಲ್ಲ ತಮ್ಮ ಗಡಿಯಾರಗಳನ್ನು ವಾಷಿಂಗ್ಟನ್‌ನ ಗಡಿಯಾರಕ್ಕೆ ಹೊಂದಿಸಿಕೊಂಡದ್ದು ಇದಕ್ಕೇ. ಎರಡೂ ಪಡೆಗಳು ಬೆಳಗ್ಗೆ ಎಂಟರ ಸುಮಾರಿಗೆ ಕೆಲವೇ ನಿಮಿಷಗಳ ಅಂತರದಲ್ಲಿ ಊರು ತಲುಪಿದವು.

ಊರಿನೊಳಗೆ ಬನ್ನಿ. ಕಿಂಗ್ ಮತ್ತು ಕ್ವೀನ್ ಎಂಬ ಎರಡು ಬೀದಿಗಳು ಉತ್ತರದ ತುದಿಯಲ್ಲಿ, ಸ್ವಲ್ಪ ಎತ್ತರದ ಜಾಗದಲ್ಲಿ ಸೇರುತ್ತವೆ. ಅಲ್ಲಿ ನಾಲ್ಕು ಫಿರಂಗಿ ನಿಲ್ಲಿಸಿದರೆ ಎರಡೂ ಬೀದಿಗಳ ಉದ್ದಕ್ಕೂ ಗುಂಡು ಹಾಯುತ್ತದೆ, ಮನೆಯಿಂದ ಹೊರಗೆ ಬಂದ ಹೆಸ್ಸಿಯನ್ನರಿಗೆ ಸಾಲುಗಟ್ಟಲು ಜಾಗವೇ ಇರುವುದಿಲ್ಲ. ದಕ್ಷಿಣಕ್ಕೆ ಅಸನ್‌ಪಿಂಕ್ ತೊರೆ, ಅದರ ಮೇಲೊಂದು ಸೇತುವೆ. ಆ ಸೇತುವೆಯನ್ನು ಮುಚ್ಚಬೇಕಾಗಿದ್ದ ಅಮೆರಿಕನ್ ಸೇನಾನಿ ಯೂಯಿಂಗ್‌ನ ಪಡೆ ಹಿಮಗಡ್ಡೆಯಿಂದಾಗಿ ನದಿ ದಾಟಲೇ ಇಲ್ಲ. ಸುಮಾರು 900 ಜನ ಸೆರೆಯಾದರೂ ಕೆಲವು ನೂರು ಜನ ತಪ್ಪಿಸಿಕೊಂಡದ್ದು ಅಲ್ಲಿಂದ. ಹಾಗಾಗಿ ಬಾರದಿದ್ದವರಿಗೂ ನಿಮ್ಮ ಹಾಳೆಯಲ್ಲಿ ಒಂದು ಗುರುತು ಇರಲಿ.

ಹಳೆಯ ನಕ್ಷೆಗಳನ್ನು ಕಣ್ಣುಮುಚ್ಚಿ ನಂಬಬೇಡಿ. ಬೋಸ್ಟನ್ ಹೊರಗೆ 1775ರ ಜೂನ್ 17ರಂದು ನಡೆದದ್ದನ್ನು ಬಂಕರ್ ಹಿಲ್ ಕದನ ಎನ್ನುತ್ತಾರೆ. ಹೆಚ್ಚಿನ ಹೋರಾಟ ನಡೆದದ್ದು ಪಕ್ಕದ ಬ್ರೀಡ್ಸ್ ಹಿಲ್ ಮೇಲೆ. ಪೇಜ್ ಎಂಬ ಬ್ರಿಟಿಷ್ ಎಂಜಿನಿಯರ್ ಬರೆದ ಪ್ರಸಿದ್ಧ ನಕ್ಷೆಯಲ್ಲಿ ಈ ಎರಡು ಗುಡ್ಡಗಳ ಹೆಸರುಗಳೇ ಅದಲುಬದಲಾಗಿವೆ. ಇನ್ನು ಇಂದಿನ ಬೋಸ್ಟನ್ ನಕ್ಷೆ ಇನ್ನೊಂದು ರೀತಿಯಲ್ಲಿ ದಾರಿ ತಪ್ಪಿಸುತ್ತದೆ. ಅಂದಿನ ಊರು ಕಿರಿದಾದ ಕುತ್ತಿಗೆಯೊಂದರಿಂದ ನೆಲಕ್ಕೆ ಅಂಟಿಕೊಂಡ ದ್ವೀಪದಂತಿತ್ತು, ಸುತ್ತಲಿನ ನೀರನ್ನು ಮಣ್ಣು ತುಂಬಿ ನೆಲ ಮಾಡಿದ್ದು ಬಹುಪಾಲು ಹತ್ತೊಂಬತ್ತನೆಯ ಶತಮಾನದಲ್ಲಿ. ಉತ್ತರ ದಿಕ್ಕು ಮೇಲುಗಡೆಯೇ ಇರಬೇಕೆಂಬ ನಿಯಮವೂ ಆಗ ಇರಲಿಲ್ಲ, ಹಾಗಾಗಿ ಮೊದಲು ದಿಕ್ಸೂಚಿಯ ಗುರುತನ್ನು ಹುಡುಕಿ.

ಹಾಗಿದ್ದರೂ ಅವುಗಳನ್ನು ನೋಡಲೇಬೇಕು. ವಾಷಿಂಗ್ಟನ್ ಹದಿನೇಳನೆಯ ವಯಸ್ಸಿನಲ್ಲೇ ಭೂಮಾಪಕನಾಗಿದ್ದವನು. ಒಳ್ಳೆಯ ನಕ್ಷೆಗಳಿಲ್ಲದೆ ಕಷ್ಟವಾಗುತ್ತಿದೆ ಎಂದು 1777ರ ಆರಂಭದಲ್ಲಿ ಕಾಂಗ್ರೆಸ್‌ಗೆ ಬರೆದ. ಅದೇ ವರ್ಷ ರಾಬರ್ಟ್ ಅರ್ಸ್ಕಿನ್ ಸೇನೆಯ ಮುಖ್ಯ ಭೂಮಾಪಕನಾದ. ಅವನ ತಂಡ ರಸ್ತೆಗಳುದ್ದಕ್ಕೂ ಸರಪಳಿ ಹಿಡಿದು ಅಳೆದು ಬರೆದ ಹಾಳೆಗಳಲ್ಲಿ ರಸ್ತೆಬದಿಯ ಮನೆ, ಮನೆಯೊಡೆಯನ ಹೆಸರು, ಗಿರಣಿ, ತಂಗುಮನೆ, ಕಡವು ಎಲ್ಲವೂ ಇವೆ. ದಂಡು ನಡೆಯಲು ಬೇಕಾದದ್ದು ಅದೇ ತಾನೆ. ಈ ಕಾಲದ ಬಹಳಷ್ಟು ನಕ್ಷೆಗಳನ್ನು ಲೈಬ್ರರಿ ಆಫ್ ಕಾಂಗ್ರೆಸ್‌ನವರು ಅಂತರ್ಜಾಲದಲ್ಲಿ ಉಚಿತವಾಗಿ ಇಟ್ಟಿದ್ದಾರೆ, ದೊಡ್ಡದು ಮಾಡಿ ನೋಡಬಹುದು.

ಕೊನೆಯದಾಗಿ ಯಾರ್ಕ್‌ಟೌನ್, 1781. ಬ್ರಿಟಿಷ್ ಸೇನಾನಿ ಕಾರ್ನ್‌ವಾಲಿಸ್ ತನ್ನ ಪಡೆಯೊಂದಿಗೆ ಮುತ್ತಿಗೆಗೆ ಸಿಕ್ಕಿಕೊಂಡ ಊರು. ಇಲ್ಲಿ ಊರಿನ ನಕ್ಷೆಯೊಂದೇ ಸಾಲದು, ಚೆಸಪೀಕ್ ಕೊಲ್ಲಿಯ ಬಾಯಿ ಕಾಣುವಷ್ಟು ಹಿಂದಕ್ಕೆ ಸರಿದು ನೋಡಬೇಕು. ಸೆಪ್ಟೆಂಬರ್ 5ರಂದು ಆ ಬಾಯಿಯ ಹೊರಗೆ ಫ್ರೆಂಚ್ ನೌಕಾಪಡೆ ಬ್ರಿಟಿಷ್ ನೌಕಾಪಡೆಯನ್ನು ತಡೆದಾಗಲೇ ಕಾರ್ನ್‌ವಾಲಿಸ್‌ನ ಬಾಗಿಲು ಮುಚ್ಚಿತ್ತು. ನಮ್ಮವರಿಗೆ ಶ್ರೀರಂಗಪಟ್ಟಣದ ಮುತ್ತಿಗೆಯಿಂದ ಪರಿಚಿತನಾದ ಕಾರ್ನ್‌ವಾಲಿಸ್ ಇವನೇ. ಜಮೈಕಾ ಕಣಿವೆಯ ರಾತ್ರಿ ನಡಿಗೆಯಲ್ಲೂ ಇದ್ದ. ಈಗ ಮತ್ತೆ ಊರಿನ ನಕ್ಷೆಗೆ ಬಂದು, ಯಾರ್ಕ್ ನದಿಯ ಆಚೆ ದಡದ ಗ್ಲಾಸ್ಟರ್ ಪಾಯಿಂಟ್‌ಗೆ ದಾರ ಹಿಡಿಯಿರಿ. ಸುಮಾರು ಒಂದು ಕಿಲೋಮೀಟರ್, ಅಷ್ಟೇ. ಅಕ್ಟೋಬರ್ 16ರ ರಾತ್ರಿ ಅವನು ಸೈನಿಕರನ್ನು ದೋಣಿಗಳಲ್ಲಿ ಅಲ್ಲಿಗೆ ಸಾಗಿಸತೊಡಗಿದ. ಒಂದು ಭಾಗ ದಾಟಿತು, ಅಷ್ಟರಲ್ಲಿ ಬಿರುಗಾಳಿ ಎದ್ದು ದೋಣಿಗಳು ಚದುರಿದವು. ಬೆಳಗಾದ ಮೇಲೆ ಕೋಟೆದಿಬ್ಬದ ಮೇಲೆ ನಗಾರಿ ಬಾರಿಸುವ ಹುಡುಗನೊಬ್ಬ ಕಾಣಿಸಿಕೊಂಡ, ಅವನ ಹಿಂದೆ ಬಿಳಿಯ ಕರವಸ್ತ್ರ ಹಿಡಿದ ಅಧಿಕಾರಿ.