ಗದಗದ ಝೂಮರಿಗೆ ಬೈಂಡಿಂಗ್ ವೈರ್ ಬೇಡ

ನಿಮ್ಮ ಗದಗದ ಮನೆಯ ಹಳೆಯ ಝೂಮರಿನ, ಅಂದರೆ ತೂಗುವ ದೀಪಗೊಂಚಲಿನ, ಗಾಜಿನ ಹರಳುಗಳು ಮಂಕಾಗಿವೆ, ಕೆಲವು ಕಳಚಿವೆ, ಬೈಂಡಿಂಗ್ ವೈರಿನಿಂದ ಕಟ್ಟಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಕಟ್ಟಬೇಡಿ. ಅದು ಕಬ್ಬಿಣ, ತುಕ್ಕು ಹಿಡಿಯುತ್ತದೆ, ಬಿಗಿಯುವಾಗ ಹರಳಿನ ತೂತಿನ ಅಂಚು ಸಿಡಿಯುತ್ತದೆ. ಹುಬ್ಬಳ್ಳಿಯ ನಮ್ಮ ಮನೆಯಲ್ಲಿ ಹಾಗೆ ಕಟ್ಟಿ, ಅಜ್ಜಿಯ ಕಾಲದ ಎರಡು ಹರಳು ಕಳೆದುಕೊಂಡೆ. ಆ ನೋವು ಇನ್ನೂ ಇದೆ. ಮೆತ್ತನೆಯ ಹಿತ್ತಾಳೆ ತಂತಿ ತನ್ನಿ. ಅಕ್ಕಸಾಲಿಗರು ಬಳಸುವ ದುಂಡು ಮೂತಿಯ ಇಕ್ಕಳದಿಂದ ತುದಿಯನ್ನು ಉಂಗುರದಂತೆ ಬಗ್ಗಿಸಿ. ಹರಳು ಅದರಲ್ಲಿ ಸಡಿಲವಾಗಿ ತೂಗಾಡಬೇಕು.

ಬಿಚ್ಚುವ ಮೊದಲು ಮೇನ್ ಸ್ವಿಚ್ ಆರಿಸಿ, ಪ್ರತಿ ಸಾಲಿನ ಫೋಟೊ ತೆಗೆದುಕೊಳ್ಳಿ. ಬೋರ್‌ವೆಲ್ಲಿನ ಗಡಸು ನೀರು ಒಣಗಿದರೆ ಬಿಳಿ ಕಲೆ ಉಳಿಯುತ್ತದೆ. ಬಕೆಟ್ಟಿನ ತಳಕ್ಕೆ ಟವೆಲ್ ಹಾಸಿ, ಉಗುರುಬೆಚ್ಚನೆಯ ಫಿಲ್ಟರ್ ನೀರಿಗೆ ಪಾತ್ರೆ ತೊಳೆಯುವ ದ್ರವ ಎರಡು ಹನಿ ಹಾಕಿ, ಒಂದೊಂದೇ ಹರಳು ತೊಳೆಯಿರಿ. ಕೊನೆಗೆ ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರಿನಲ್ಲಿ ಅದ್ದಿ, ಹಳೆಯ ಹತ್ತಿ ಧೋತರದಿಂದ ಒರೆಸಿ. ಕುದಿಯುವ ನೀರು ತಾಗಿದರೆ ಹರಳು ಸೀಳಬಹುದು.

ಹಿತ್ತಾಳೆಯ ಕೈಗಳನ್ನು ಹುಣಸೆಹಣ್ಣಿನಿಂದ ತಿಕ್ಕಬೇಡಿ, ಮೇಲಿನ ಮೆರುಗಿನ ಲೇಪ ಕಿತ್ತುಹೋಗುತ್ತದೆ. ಒಳಗೆ ಬಟ್ಟೆ ಸುತ್ತಿದ ಹಳೆಯ ವೈರ್ ಇದ್ದರೆ ಎಲೆಕ್ಟ್ರಿಷಿಯನ್ ಕೈಯಿಂದ ಹೊಸದನ್ನು ಎಳೆಸಿ. ತೊಲೆಯ ಕೊಂಡಿಯನ್ನೂ ಆಗಲೇ ನೋಡಿಸಿಬಿಡಿ.