ಓದುಗರ ಪ್ರಶ್ನೆ: ಆಫ್ರಿಕಾ ನೋಡಲು ಯಾವ ತಿಂಗಳು, ಯಾವ ಮೂಲೆ?

ಪ್ರಶ್ನೆ: ನಾವು ಗಂಡ, ಹೆಂಡತಿ, ಇಬ್ಬರು ಮಕ್ಕಳು. ಬೇಸಿಗೆ ರಜೆಯಲ್ಲಿ, ಏಪ್ರಿಲ್ ಕೊನೆಗೆ 12 ದಿನ ಆಫ್ರಿಕಾಕ್ಕೆ ಹೋಗುವ ಆಸೆ. ಪಿರಮಿಡ್, ಮಸಾಯಿ ಮಾರಾ, ಜಾಂಜಿಬಾರ್, ವಿಕ್ಟೋರಿಯಾ ಜಲಪಾತ, ಕೇಪ್‌ಟೌನ್ ಎಲ್ಲ ನೋಡಬಹುದಾ?
– ಸಾಗರದ ಓದುಗರು

ಉತ್ತರ: ಆಗುವುದಿಲ್ಲ. ಆಫ್ರಿಕಾ ನಮ್ಮ ದೇಶಕ್ಕಿಂತ ಸುಮಾರು 9 ಪಟ್ಟು ದೊಡ್ಡದು. ಕೈರೋದಿಂದ ಕೇಪ್‌ಟೌನ್‌ಗೆ ನೇರ ಗೆರೆ ಎಳೆದರೂ 7,000 ಕಿ.ಮೀ. ದಾಟುತ್ತದೆ. ಐದೂ ಜಾಗ ಸೇರಿಸಿದರೆ ಅರ್ಧ ರಜೆ ಏರ್‌ಪೋರ್ಟ್‌ನಲ್ಲೇ ಮುಗಿಯುತ್ತದೆ. ಮಕ್ಕಳನ್ನು ಕಟ್ಟಿಕೊಂಡು ಆ ಸುಸ್ತು ಬೇಡ.

ಜಾಗ ಆಮೇಲೆ ಆರಿಸಿ, ಮೊದಲು ತಿಂಗಳು ನೋಡಿ. ಏಪ್ರಿಲ್, ಮೇ ಅಂದರೆ ಮಸಾಯಿ ಮಾರಾ ಕಾಡು ಇರುವ ಕೀನ್ಯಾ, ಜಾಂಜಿಬಾರ್ ದ್ವೀಪ ಇರುವ ತಾಂಜಾನಿಯಾ ಕಡೆ ದೊಡ್ಡ ಮಳೆಗಾಲ. ಅಲ್ಲಿನವರು ಇದನ್ನು ‘ಮಸಿಕಾ’ ಎನ್ನುತ್ತಾರೆ. ಸಫಾರಿಯ ಮಣ್ಣು ದಾರಿಯಲ್ಲಿ ಜೀಪು ಹೂತುಕೊಳ್ಳುತ್ತದೆ. ಜಾಂಜಿಬಾರ್‌ನಲ್ಲಿ ಎಷ್ಟೋ ಹೋಟೆಲ್‌ಗಳು ಬಾಗಿಲು ಹಾಕಿರುತ್ತವೆ. ಈಜಿಪ್ಟ್‌ನಲ್ಲಿ ಬಿಸಿಲು ಏರುತ್ತಿರುತ್ತದೆ.

ಆದರೆ ಜಾಂಬಿಯಾ, ಜಿಂಬಾಬ್ವೆ ಗಡಿಯಲ್ಲಿ ಜಾಂಬೆಜಿ ನದಿಯ ವಿಕ್ಟೋರಿಯಾ ಜಲಪಾತ ಮೈದುಂಬಿ ಸುರಿಯುವುದು ಇದೇ ಸಮಯದಲ್ಲಿ. ನದಿಯ ಮೇಲ್ಭಾಗದಲ್ಲಿ ಮಳೆ ಬೀಳುವುದು ನವೆಂಬರ್‌ನಿಂದ ಮಾರ್ಚ್‌ವರೆಗೆ. ಆ ನೀರು ದಾರಿಯಲ್ಲಿ ಸಿಗುವ ದೊಡ್ಡ ಬಯಲುಗಳಲ್ಲಿ ಹರಡಿ, ನಿಂತು, ನಿಧಾನಕ್ಕೆ ಇಳಿದು ಬರುತ್ತದೆ. ಹಾಗಾಗಿ ಮಳೆ ಮುಗಿಯುವ ಹೊತ್ತಿಗೆ ಜಲಪಾತ ತುಂಬುತ್ತದೆ. ಅಕ್ಟೋಬರ್, ನವೆಂಬರ್‌ನಲ್ಲಿ ಹೋದವರಿಗೆ ಜಾಂಬಿಯಾ ಕಡೆ ಹೆಚ್ಚಾಗಿ ಬರೀ ಬಂಡೆ ಕಾಣುತ್ತದೆ.

ನೀವು ಜೋಗದ ಪಕ್ಕದವರು, ಅದಕ್ಕೇ ಒಂದು ಮಾತು. ಎತ್ತರದಲ್ಲಿ ನಮ್ಮ ಜೋಗವೇ ಮೇಲು: ಜೋಗ 253 ಮೀಟರ್, ವಿಕ್ಟೋರಿಯಾ 108. ಆದರೆ ಅದರ ಅಗಲ 1,708 ಮೀಟರ್. ನದಿಗೆ ನದಿಯೇ ಒಂದು ಸೀಳಿನೊಳಗೆ ಬೀಳುತ್ತದೆ. ಎದುರಿನ ದಂಡೆಯ ಕಾಲುದಾರಿಯಲ್ಲಿ ನಡೆಯುವಾಗ ನೀರು ಕೆಳಗಿನಿಂದ ಮೇಲಕ್ಕೆ ಚಿಮ್ಮಿ, ಮಳೆಯಾಗಿ ತಲೆ ಮೇಲೆ ಬೀಳುತ್ತದೆ. ಕೊಡೆ ಕೆಲಸಕ್ಕೆ ಬರುವುದಿಲ್ಲ, ಎಲ್ಲರಿಗೂ ರೇನ್‌ಕೋಟ್ ಇರಲಿ. ಅಲ್ಲಿನ ಜನ ಇದನ್ನು ‘ಮೋಸಿ ಓವಾ ತುನ್ಯಾ’, ಅಂದರೆ ಗುಡುಗುವ ಹೊಗೆ ಎನ್ನುತ್ತಾರೆ. ಆ ತಿಂಗಳಲ್ಲಿ ಕೆಲವು ಕಡೆ ನಿಂತರೆ ನಿಜಕ್ಕೂ ಬಿಳಿ ಹೊಗೆ ಬಿಟ್ಟು ಬೇರೇನೂ ಕಾಣುವುದಿಲ್ಲ. ಜಿಂಬಾಬ್ವೆ ಕಡೆಯಿಂದ ನೋಡಿ. ಅಲ್ಲಿ ನೋಡುವ ಜಾಗ ಜಾಸ್ತಿ.

ಇದಕ್ಕೆ ಕೇಪ್‌ಟೌನ್ ಜೋಡಿಸಿಕೊಳ್ಳಿ. ನೇರ ವಿಮಾನ ಸಿಕ್ಕರೆ ಸುಮಾರು 3 ಗಂಟೆ. ಅಲ್ಲಿ ಬೇಸಿಗೆ ಬರುವುದು ನಮ್ಮ ಚಳಿಗಾಲದಲ್ಲಿ, ಆಗಿನ ಜೋರು ಗಾಳಿ ಏಪ್ರಿಲ್ ಹೊತ್ತಿಗೆ ಇಳಿದಿರುತ್ತದೆ. ಊರಿನ ಬೆನ್ನಿಗಿರುವ ಟೇಬಲ್ ಮೌಂಟನ್ ಬೆಟ್ಟದ ಕೇಬಲ್ ಕಾರು ಗಾಳಿ ಎದ್ದರೆ ನಿಂತೇ ಹೋಗುತ್ತದೆ, ಆದ್ದರಿಂದ ಆಕಾಶ ತಿಳಿಯಾಗಿರುವ ಮೊದಲ ದಿನವೇ ಹತ್ತಿಬಿಡಿ. ನಾಳೆ ನೋಡೋಣ ಅನ್ನಬೇಡಿ. ಮಕ್ಕಳಿಗೆ ಬೌಲ್ಡರ್ಸ್ ಬೀಚ್ ತಪ್ಪಿಸಬೇಡಿ. ಪುಟ್ಟ ಪೆಂಗ್ವಿನ್‌ಗಳು ಬಂಡೆಗಳ ಸಂದಿಯಲ್ಲಿ ಓಡಾಡಿಕೊಂಡಿರುತ್ತವೆ. ಸಮುದ್ರದ ನೀರು ಮಾತ್ರ ಕೊರೆಯುತ್ತದೆ.

ಪ್ರಶ್ನೆ: ಆಗಸ್ಟ್‌ನಲ್ಲಿ ಮಸಾಯಿ ಮಾರಾ ಮುಗಿಸಿ ನಾಲ್ಕು ದಿನ ಜಾಂಜಿಬಾರ್. ಯಾವ ಬೀಚ್ ಒಳ್ಳೆಯದು?
– ಧಾರವಾಡದ ಓದುಗರು

ಉತ್ತರ: ತಿಂಗಳು ಸರಿಯಾಗಿ ಆರಿಸಿದ್ದೀರಿ. ಮಾರಾ ನದಿಯನ್ನು ವೈಲ್ಡ್‌ಬೀಸ್ಟ್ ಎಂಬ ದೊಡ್ಡ ಜಿಂಕೆಯಂಥ ಪ್ರಾಣಿಗಳ ಹಿಂಡುಗಳು ದಾಟುವುದು ಜುಲೈನಿಂದ ಅಕ್ಟೋಬರ್ ನಡುವೆ. ಆದರೆ ಅವು ಗಂಟೆಗಟ್ಟಲೆ ದಂಡೆಯಲ್ಲಿ ನಿಂತು, ಕೊನೆಗೆ ವಾಪಸ್ ಹೋಗುವುದೂ ಇದೆ. ಅದಕ್ಕೆ ಮೂರು ರಾತ್ರಿಯಾದರೂ ಇರಿ.

ಜಾಂಜಿಬಾರ್‌ನಲ್ಲಿ ನೋಡಬೇಕಾದ್ದು ಉಬ್ಬರ, ಇಳಿತ. ನಮ್ಮ ಕಾರವಾರ, ಮಲ್ಪೆ ಕಡೆ ಇಷ್ಟು ವ್ಯತ್ಯಾಸ ಇರುವುದಿಲ್ಲ. ಪೂರ್ವ ದಡದ ಪಾಜೆಯಲ್ಲಿ ಬೆಳಿಗ್ಗೆ ಹೋಟೆಲ್ ಮುಂದೆಯೇ ಇದ್ದ ಸಮುದ್ರ ಮಧ್ಯಾಹ್ನ ನೋಡಿದರೆ ದೂರದಲ್ಲಿ ಬರೀ ಬಿಳಿ ಗೆರೆ. ದೋಣಿಗಳು ಮರಳಿನ ಮೇಲೆ ಒಂದು ಮಗ್ಗುಲಿಗೆ ಮಲಗಿರುತ್ತವೆ. ಹೆಂಗಸರು ಮಂಡಿವರೆಗಿನ ನೀರಲ್ಲಿ ಬಗ್ಗಿ, ಗೂಟಗಳ ನಡುವೆ ಕಟ್ಟಿದ ಹಗ್ಗದಿಂದ ಸಮುದ್ರ ಪಾಚಿ ಬಿಡಿಸಿ ಚೀಲಕ್ಕೆ ತುಂಬುತ್ತಿರುತ್ತಾರೆ. ನನಗಂತೂ ಈಜಿಗಿಂತ ಇದನ್ನು ನೋಡುವುದೇ ಇಷ್ಟ. ನೀರಿಗೆ ಇಳಿಯುವುದಾದರೆ ಚಪ್ಪಲಿ ಬಿಡಬೇಡಿ, ಮುಳ್ಳು ಮುಳ್ಳಿನ ಕಡಲಜೀವಿಗಳು ಚುಚ್ಚುತ್ತವೆ.

ದಿನವಿಡೀ ಈಜಬೇಕು ಅನ್ನುವವರಿಗೆ ಉತ್ತರದ ನುಂಗ್ವಿ, ಕೆಂಡ್ವಾ ಸರಿ. ಅಲ್ಲಿ ನೀರು ಅಷ್ಟು ಹಿಂದೆ ಸರಿಯುವುದಿಲ್ಲ. ಕೊನೆಯ ದಿನ ಜಾಂಜಿಬಾರ್‌ನ ಹಳೇ ಪೇಟೆ ಸ್ಟೋನ್ ಟೌನ್‌ಗೆ ಇಡಿ. ಸಂದಿಗೊಂದಿಯಲ್ಲಿ ಸುಮ್ನೆ ನಡೆಯಿರಿ. ಹಿತ್ತಾಳೆ ಮೊಳೆ ಹೊಡೆದ ಕೆತ್ತನೆಯ ಬಾಗಿಲು ಕಂಡರೆ ನಿಂತು ನೋಡಿ. ಮುಂಗಾರು, ಹಿಂಗಾರಿನ ಗಾಳಿ ಹಿಡಿದು ಹಾಯಿ ಹಡಗಿನಲ್ಲಿ ಬಂದು ಹೋಗುತ್ತಿದ್ದ ನಮ್ಮ ಪಶ್ಚಿಮ ಕರಾವಳಿಯ ವ್ಯಾಪಾರಿಗಳ ಗುರುತು ಅವುಗಳಲ್ಲಿದೆ.

ಪ್ರಶ್ನೆ: ಅಮ್ಮನಿಗೆ 66. ಅಪ್ಪಟ ಸಸ್ಯಾಹಾರಿ. ಕೀನ್ಯಾಕ್ಕೆ ಕರೆದುಕೊಂಡು ಹೋಗಬಹುದಾ? ಇಂಜೆಕ್ಷನ್ ಬೇಕಾ?
– ಬೆಂಗಳೂರಿನ ಓದುಗರು

ಉತ್ತರ: ಕರೆದುಕೊಂಡು ಹೋಗಿ, ಆದರೆ ಮೊದಲು ಡಾಕ್ಟರ ಹತ್ತಿರ. ಕೀನ್ಯಾ ಹಳದಿ ಜ್ವರ (ಯೆಲ್ಲೋ ಫೀವರ್) ಇರುವ ದೇಶಗಳ ಪಟ್ಟಿಯಲ್ಲಿದೆ. ವಾಪಸ್ ಬರುವಾಗ ನಮ್ಮ ಏರ್‌ಪೋರ್ಟ್‌ನಲ್ಲೇ ಲಸಿಕೆಯ ಕಾರ್ಡ್ ಕೇಳುತ್ತಾರೆ. ಇಲ್ಲದಿದ್ದರೆ 6 ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಲಸಿಕೆ ಹಾಕಿಸಿ 10 ದಿನ ಆದ ಮೇಲೆಯೇ ಕಾರ್ಡ್ ಲೆಕ್ಕಕ್ಕೆ ಬರುತ್ತದೆ. ಒಮ್ಮೆ ಹಾಕಿಸಿದರೆ ಜೀವನಪೂರ್ತಿ ಸಾಕು. ಆದರೆ 60 ದಾಟಿದವರಿಗೆ ಈ ಲಸಿಕೆಯಿಂದ ತೊಂದರೆ ಆಗುವ ಸಾಧ್ಯತೆ ಸ್ವಲ್ಪ ಜಾಸ್ತಿ. ಆದ್ದರಿಂದ ಟಿಕೆಟ್ ಮಾಡಿಸುವ ಮೊದಲೇ ಕೇಳಿ.

ಊಟಕ್ಕೆ ಹೆದರಬೇಡಿ. ಚಪಾತಿಗೆ ಅಲ್ಲಿಯೂ ಚಪಾತಿ ಅಂತಲೇ ಹೆಸರು. ಉಗಾಲಿ ಅಂದರೆ ಮೆಕ್ಕೆಜೋಳದ ಹಿಟ್ಟಿನ ಮುದ್ದೆ, ಸ್ವಲ್ಪ ಗಟ್ಟಿ. ಚೂರು ಮುರಿದು, ಉಂಡೆ ಮಾಡಿ, ಹೆಬ್ಬೆರಳಿನಿಂದ ಒತ್ತಿ ಗುಳಿ ಮಾಡಿ, ಅದರಲ್ಲಿ ಸೊಪ್ಪಿನ ಪಲ್ಯ ಎತ್ತಿಕೊಂಡು ತಿನ್ನುತ್ತಾರೆ. ರಾಗಿಮುದ್ದೆ ಉಂಡು ಬೆಳೆದ ಕೈಗೆ ಹೇಳಿಕೊಡಬೇಕಿಲ್ಲ, ಅಲ್ವಾ? ‘ನ್ಯಾಮಾ ಹಪಾನಾ’ ಅನ್ನಿ, ಮಾಂಸ ಬೇಡ ಅಂತ ಅರ್ಥವಾಗುತ್ತದೆ. ಸಾರು ಯಾವುದರಲ್ಲಿ ಕುದಿಸಿದ್ದು ಅಂತಲೂ ಕೇಳಿಕೊಳ್ಳಿ.

ಚಟ್ನಿಪುಡಿ, ಚಕ್ಕುಲಿ ಒಯ್ಯುತ್ತೀರಿ ಅಂತ ಗೊತ್ತು. ಕೀನ್ಯಾದಲ್ಲಿ 2017ರಿಂದ ಪ್ಲಾಸ್ಟಿಕ್ ಕವರ್ ನಿಷೇಧ. ಅಮ್ಮನ ಸ್ಟೀಲ್ ಡಬ್ಬಿಯಲ್ಲೇ ತುಂಬಿ, ಬಟ್ಟೆ ಚೀಲಕ್ಕೆ ಹಾಕಿಕೊಂಡು ಹೋಗಿ.